ಹಾಲಿನ ನಂದಿನಿ, ಊಟದ ನಂದಿನಿ

ಬೆಂಗಳೂರಿನಲ್ಲಿ ಬೆಳಿಗ್ಗೆ ಬೂತಿಗೆ ಹೋಗಿ ನಂದಿನಿ ಹಾಲು ತರುತ್ತೇವೆ. ಮಧ್ಯಾಹ್ನ ಖಾರವಾಗಿ ಆಂಧ್ರ ಊಟ ಮಾಡಬೇಕು ಅನ್ನಿಸಿದರೆ ನಂದಿನಿ ಹೋಟೆಲಿಗೆ ಹೋಗುತ್ತೇವೆ. ಆ ಹೋಟೆಲನ್ನು ಹಾಲು ಮಹಾಮಂಡಳವೇ ನಡೆಸುತ್ತಿದೆ ಅಂತ ಯಾವತ್ತಾದರೂ ಅಂದುಕೊಂಡಿದ್ದೀರಾ? ಈ ಹೆಸರಿಗಾಗಿ ಇಬ್ಬರೂ ಸುಪ್ರೀಂ ಕೋರ್ಟಿನ ತನಕ ಹೋದರು, ಹಾಲಿನವರು ಸೋತರು.

ಬ್ರ್ಯಾಂಡಿನ ಹೆಸರು ದೊಡ್ಡದಾದಷ್ಟೂ ಅದನ್ನು ಹೋಲುವ ನಕಲಿಗೆ ಜನ ಮೋಸ ಹೋಗುವುದು ಜಾಸ್ತಿ ಅನ್ನುತ್ತಾರೆ. ಅದು ಅರ್ಧ ನಿಜ, ಅಷ್ಟೇ. ಉಳಿದರ್ಧ ನಮ್ಮ ನೆನಪು ಕೆಲಸ ಮಾಡುವ ರೀತಿಯಲ್ಲಿದೆ. ನನಗೆ ಬಲು ಇಷ್ಟವಾದ ಭಾಗವೂ ಅದೇ.

ಅಂಗಡಿಯಲ್ಲಿ ನಿಂತಾಗ ಅಸಲಿ, ನಕಲಿ ಎರಡೂ ಪೊಟ್ಟಣ ನಮ್ಮ ಕಣ್ಣೆದುರು ಇರುವುದಿಲ್ಲ. ಒಂದು ಕಪಾಟಿನಲ್ಲಿ, ಇನ್ನೊಂದು ತಲೆಯಲ್ಲಿ. ತಲೆಯಲ್ಲಿರುವುದು ಫೋಟೋ ಅಲ್ಲ, ರಂಗೋಲಿಯ ಚುಕ್ಕಿ. ನಾಲ್ಕು ಚುಕ್ಕಿ ಸಿಕ್ಕರೆ ಮನಸ್ಸು ಗೆರೆಯನ್ನು ತಾನೇ ಎಳೆದುಬಿಡುತ್ತದೆ. ಪಾರ್ಲೆಯ ಗ್ಲುಕೋ ಬಿಸ್ಕತ್ತಿನ ಕಾಗದದ ಮೇಲೆ ಹಸು, ಕೋಳಿ, ನಡುವೆ ನೀರು ಹೊತ್ತ ಹುಡುಗಿ ಇದ್ದಳು. ಮೈಸೂರಿನ ಕಂಪನಿಯೊಂದು ತನ್ನ ಗ್ಲುಕೋಸ್ ಬಿಸ್ಕತ್ತಿಗೂ ಅಂಥದ್ದೇ ಕಾಗದ ಸುತ್ತಿತು. ಅದರಲ್ಲಿ ಹುಡುಗಿಯ ತಲೆ ಮೇಲೆ ಹುಲ್ಲಿನ ಹೊರೆ. ನೀರು ಬೇರೆ, ಹುಲ್ಲು ಬೇರೆ ಅಲ್ವಾ? 1972ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದಲ್ಲ, ಒಟ್ಟಾರೆ ಹೋಲಿಕೆ ನೋಡಬೇಕು ಎಂದಿತು. ಪಾರ್ಲೆ ಗೆದ್ದಿತು.

ಸರಕಿನ ಗುರುತು, ಅಂದರೆ ಟ್ರೇಡ್ ಮಾರ್ಕ್, ಹೆಸರುವಾಸಿಯಾದಾಗ ಈ ಚುಕ್ಕಿಗಳು ದಪ್ಪಗಾಗುತ್ತವೆ. ಆಮೇಲೆ ನಾವು ಹೆಸರನ್ನು ಓದುವುದೇ ಇಲ್ಲ, ಬಣ್ಣ ನೋಡಿ ಎತ್ತಿಕೊಳ್ಳುತ್ತೇವೆ. ದಿನಾ ಹತ್ತುವ ಬಸ್ಸಿನ ಬೋರ್ಡನ್ನು ಪೂರ್ತಿ ಓದುತ್ತೇವೆಯೇ? ಒಂದಕ್ಷರ ತಪ್ಪಿದ್ದರೂ ಕಣ್ಣು ಸರಿ ಮಾಡಿಕೊಂಡು ಓದುತ್ತದೆ. ನಕಲಿ ನುಸುಳುವುದು ಇಲ್ಲೇ. ಆದರೆ ಇದೇ ಪರಿಚಯ ಉಲ್ಟಾ ಕೆಲಸವನ್ನೂ ಮಾಡುತ್ತದೆ. ಮನೆಯವರ ಹೆಜ್ಜೆ ಸಪ್ಪಳ ಚೆನ್ನಾಗಿ ಗೊತ್ತಿದ್ದರೆ, ಬೇರೆಯವರು ಬಂದದ್ದು ಬಾಗಿಲು ತೆರೆಯುವ ಮೊದಲೇ ತಿಳಿಯುತ್ತದೆ. ಯುರೋಪಿನಲ್ಲಿ ಪಿಕಾಸೊ ಎಂಬ ಕಾರಿನ ಹೆಸರಿಗೂ ಪಿಕಾರೊ ಎಂಬ ಇನ್ನೊಂದು ಹೆಸರಿಗೂ ಜಗಳವಾಯಿತು. ಪಿಕಾಸೊ ಎಂದರೆ ಚಿತ್ರಕಾರ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಗೊಂದಲವಾಗದು ಎಂದು 2006ರಲ್ಲಿ ತೀರ್ಪು ಬಂತು.

ಗೊಂದಲವೇ ಇಲ್ಲದ ಮೇಲೆ ದೊಡ್ಡ ಹೆಸರಿಗೆ ಕಾನೂನು ಹೆಚ್ಚಿನ ರಕ್ಷಣೆ ಕೊಡುವುದು ಯಾಕೆ? ಅಮೆರಿಕದ ಟ್ರೇಡ್ ಮಾರ್ಕ್ ವಕೀಲ ಫ್ರಾಂಕ್ ಶೆಕ್ಟರ್ 1927ರಲ್ಲೇ ಇದಕ್ಕೆ ಉತ್ತರ ಬರೆದರು. ರೋಲ್ಸ್ ರಾಯ್ಸ್ ಹೋಟೆಲು, ರೋಲ್ಸ್ ರಾಯ್ಸ್ ಪ್ಯಾಂಟು, ರೋಲ್ಸ್ ರಾಯ್ಸ್ ಮಿಠಾಯಿ ಎಲ್ಲಕ್ಕೂ ಬಿಟ್ಟರೆ ಹತ್ತು ವರ್ಷದಲ್ಲಿ ಆ ಹೆಸರೇ ಉಳಿಯುವುದಿಲ್ಲ ಎಂದು ಮುಂದೆ ಅವರು ಎಚ್ಚರಿಸಿದರು. ಕ್ಲಾಸಿನಲ್ಲಿ ಒಬ್ಬನೇ ಮಂಜುನಾಥ ಇದ್ದರೆ, ಕರೆದ ಕೂಡಲೇ ಅವನೇ ತಿರುಗುತ್ತಾನೆ. ಐದು ಜನ ಮಂಜುನಾಥರಿದ್ದರೆ ಇನಿಷಿಯಲ್ ಸೇರಿಸಬೇಕು. ಯಾರೂ ಒಬ್ಬನನ್ನು ಇನ್ನೊಬ್ಬ ಅಂದುಕೊಳ್ಳುವುದಿಲ್ಲ. ಆದರೂ ಹೆಸರಿನ ಕಸುವು ಹೋಯಿತು. ಒಳ ಉಡುಪಿಗೆ ಬೆಂಜ್ ಎಂದು ಹೆಸರಿಟ್ಟವರನ್ನು 1993ರಲ್ಲಿ ದೆಹಲಿ ಹೈಕೋರ್ಟ್ ತಡೆಯಿತು. ಅದನ್ನು ಕಾರಿನ ಕಂಪನಿಯೇ ಹೊಲಿದಿದೆ ಎಂದು ನಂಬುವವರು ಎಷ್ಟು ಮಂದಿ ಇದ್ದಾರು? ಬೇರೆ ಬಗೆಯ ಸರಕಿನ ಮೇಲೂ ಇಂಥ ಹೆಸರು ಬಳಸದಂತೆ ತಡೆಯಲು 1999ರ ಟ್ರೇಡ್ ಮಾರ್ಕ್ ಕಾಯ್ದೆಯೇ ಅವಕಾಶ ಕೊಟ್ಟಿದೆ.

ಹಾಗಾದರೆ ನಂದಿನಿ ಹಾಲು ಹೋಟೆಲಿನ ಎದುರು ಸೋತದ್ದು ಯಾಕೆ? ಹಾಲಿಗೆ ಆ ಹೆಸರು ಬಂದದ್ದು 1985ರಲ್ಲಿ, ಹೋಟೆಲಿಗೆ 1989ರಲ್ಲಿ. ನಡುವೆ ನಾಲ್ಕೇ ವರ್ಷ. ಅಷ್ಟರೊಳಗೆ ಆ ಹೆಸರು ಹಾಲಿನದ್ದೇ ಎಂದು ಜನರ ಮನಸ್ಸಿನಲ್ಲಿ ಕೂತಿತ್ತು ಎನ್ನುವುದು ಕಷ್ಟ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವತ್ತಿನ ಖ್ಯಾತಿಯಿಂದ ಅಂದಿನ ದಿನವನ್ನು ಅಳೆಯುವುದು ತಪ್ಪು, ಇದನ್ನೇ ನಾವು ಮರೆಯುತ್ತೇವೆ. ಮೇಲಾಗಿ ನಂದಿನಿ ಪುರಾಣದ ಹಸು, ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ. ಚಿಹ್ನೆಗಳೂ ಬೇರೆ: ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ಇಂಗ್ಲಿಷಿನಲ್ಲಿ ಹೋಟೆಲಿನವರದಕ್ಕೆ ಒಂದು ಎಚ್ ಜಾಸ್ತಿ. ಕನ್ನಡದ ಬಾಯಲ್ಲಿ ಎರಡೂ ಒಂದೇ. ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರು ಆ ಹೆಸರನ್ನು ಕೇಳುವಂತಿಲ್ಲ.