ಮಲೆನಾಡಲ್ಲಿ ಜನ ಸಿಗಲ್ಲ, ಮೆಜೆಸ್ಟಿಕ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ

ಅಡಿಕೆ ಕೊಯ್ಲಿನ ಹೊತ್ತಿಗೆ ಮಲೆನಾಡಿನ ಯಾವ ತೋಟದ ಮನೆಗೆ ಹೋದರೂ ಒಂದೇ ಮಾತು: "ಕೊನೆ ತೆಗೆಯೋಕೆ ಜನಾನೇ ಸಿಗಲ್ಲ ಮಾರಾಯ್ರೆ." ಅಲ್ಲಿಂದ ರಾತ್ರಿ ಬಸ್ ಹಿಡಿದು ಬೆಳಗ್ಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದರೆ ಪಕ್ಕದವರ ಗೊಣಗಾಟ: "ಎಲ್ಲಿಂದ ಬರ್ತಾರೋ ಇಷ್ಟು ಜನ!"

ಇಬ್ಬರದ್ದೂ ನಿಜವೇ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಏರಿ 96 ಲಕ್ಷ ದಾಟಿತು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸುಮಾರು 3 ಸಾವಿರ ಜನ ಕಡಿಮೆಯಾದರು. ಕೊಡಗು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಯಾದಗಿರಿ ಶೇ. 22ಕ್ಕಿಂತ ಜಾಸ್ತಿ ಬೆಳೆಯಿತು. ಹೀಗೆ ಎಲ್ಲ ಜಿಲ್ಲೆಗಳನ್ನೂ ಕೂಡಿಸಿದಾಗ ಸಿಗುವ ಸಂಖ್ಯೆಯೇ 2011ರ ಕರ್ನಾಟಕದ 6.11 ಕೋಟಿ. ಪರೀಕ್ಷೆಗೆ ಬಾಯಿಪಾಠ ಮಾಡೋಕೆ ಸರಿ, ಆದರೆ ಅದರಿಂದ ಯಾವ ಊರಿನ ಕಥೆಯೂ ಗೊತ್ತಾಗುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಂದಿನ ಕರ್ನಾಟಕದ ಗಡಿಯೊಳಗೆ 1901ರಲ್ಲಿ ಇದ್ದವರು 1.3 ಕೋಟಿ ಜನ. 1911ರಿಂದ 1921ರ ನಡುವೆ ಸಂಖ್ಯೆ ಏರುವುದರ ಬದಲು ಸುಮಾರು ಒಂದೂವರೆ ಲಕ್ಷ ಇಳಿಯಿತು. 1918ರ ಇನ್‌ಫ್ಲುಯೆಂಜಾ ಊರೂರನ್ನೇ ಮಲಗಿಸಿತ್ತು. ಆಗ ಮಕ್ಕಳೇನೂ ಕಡಿಮೆ ಹುಟ್ಟುತ್ತಿರಲಿಲ್ಲ. ಹುಟ್ಟಿದಷ್ಟೇ ಸಾಯುತ್ತಿದ್ದರು. ಮುಂದೆ ಕಾಲರಾ, ಸಿಡುಬು, ಮಲೇರಿಯಾ ಹತೋಟಿಗೆ ಬಂದವು. ಸಾವು ಮೊದಲು ಇಳಿಯಿತು, ಹೆರಿಗೆ ಇಳಿಯಲು ಇನ್ನೂ ಕೆಲವು ದಶಕ ಬೇಕಾಯಿತು. ನಡುವಿನ ಆ ಅಂತರದಲ್ಲೇ ಜನಸಂಖ್ಯೆ ಉಕ್ಕಿದ್ದು. 1971-81ರ ಒಂದೇ ದಶಕದಲ್ಲಿ ರಾಜ್ಯ ಶೇ. 26.75ರಷ್ಟು ಬೆಳೆಯಿತು.

ಹೆರಿಗೆ ಇಳಿಸುವ ಪ್ರಯತ್ನ ಇಲ್ಲಿ ಬಹಳ ಬೇಗ ಶುರುವಾಗಿತ್ತು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳಿಗೆ ಅನುಮತಿ ಕೊಟ್ಟಿತು. 1950ರ ದಶಕದ ಆರಂಭದಲ್ಲಿ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡ ಹೆಂಡತಿ ದೂರ ಇರಬೇಕು. ಕಾಗದದ ಮೇಲೆ ಅಚ್ಚುಕಟ್ಟಾದ ಯೋಜನೆ. ಪಾಲಿಸಿದವರು ಮಾತ್ರ ತೀರಾ ಕಡಿಮೆ. ಕೆಂಪು ಮಣಿಯ ಲೆಕ್ಕವನ್ನು ಗಂಡನೂ ಒಪ್ಪಬೇಕಲ್ವಾ?

ಹೆರಿಗೆಗಳನ್ನು ಕೊನೆಗೆ ಇಳಿಸಿದ್ದು ಇಂಥ ಸರಗಳಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಮದುವೆ ತಡವಾಯಿತು, ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ಬಂತು, ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳುವುದು ರೂಢಿಯಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೇ ಉಳಿಯಲು ಬೇಕಿರುವುದು 2.1.

ಹಾಗಾದರೆ ನಾವು ಇಳಿಯುತ್ತಿರಬೇಕಿತ್ತು, ಅಲ್ವಾ? ಇಲ್ಲ. 2021ಕ್ಕೆ ರಾಜ್ಯದಲ್ಲಿ 6.68 ಕೋಟಿ ಜನ ಇದ್ದಾರೆಂದು ಅಂದಾಜು. ಕಾರಣ ತಿಳಿಯಲು ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಅಜ್ಜ-ಅಜ್ಜಿಯರು 100 ಮಂದಿ. ಅವರು ಜೋಡಿಗೆ ಆರಾರು ಹೆತ್ತರು, ಹಾಗಾಗಿ ಮಧ್ಯವಯಸ್ಸಿನವರು 300. ಇವರು ಜೋಡಿಗೆ ಎರಡೇ ಸಾಕೆಂದರು, ಮಕ್ಕಳೂ 300. ಒಟ್ಟು 700. ಇನ್ನು ಇಪ್ಪತ್ತೈದು ಮೂವತ್ತು ವರ್ಷದಲ್ಲಿ ಹೋಗುವವರು 100 ಹಿರಿಯರು, ಹೊಸದಾಗಿ ಬರುವವರು 300 ಕೂಸುಗಳು. ಎಲ್ಲರೂ ಎರಡೇ ಹೆತ್ತರೂ ಊರು 900 ಆಯಿತು! ಬ್ರೇಕ್ ಒತ್ತಿದ ಮೇಲೂ ಲಾರಿ ಒಂದಷ್ಟು ದೂರ ಓಡುವ ಹಾಗೆ. ಆಮೇಲೆ ಆ 300 ಜನರಿಗೂ ವಯಸ್ಸಾಗುತ್ತದೆ. 2011ರಲ್ಲೇ ರಾಜ್ಯದಲ್ಲಿ 60 ದಾಟಿದವರು ಶೇ. 9.5ರಷ್ಟಿದ್ದರು.

ಅಂಕಿಗಳನ್ನು ಓದುವಾಗ ಎಡವುವುದೂ ಸುಲಭ. 2011ರಲ್ಲಿ ಉಡುಪಿಯಲ್ಲಿ 1000 ಗಂಡಸರಿಗೆ 1094 ಹೆಂಗಸರು, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಉಡುಪಿಯಲ್ಲಿ ಹೆಣ್ಣು ಕೂಸುಗಳೇ ಜಾಸ್ತಿ ಹುಟ್ಟುತ್ತವೆ ಎಂದುಕೊಂಡರೆ ತಪ್ಪು. ಆರು ವರ್ಷದೊಳಗಿನವರನ್ನು ನೋಡಿದರೆ ಅಲ್ಲೂ ಹುಡುಗರೇ ಹೆಚ್ಚು. ದೊಡ್ಡವರಾದ ಗಂಡಸರು ಮುಂಬೈ, ಬೆಂಗಳೂರು, ಗಲ್ಫ್‌ಗೆ ದುಡಿಯಲು ಹೋಗಿರುತ್ತಾರೆ, ಅಷ್ಟೇ.

2011ರ ಜನಗಣತಿಯ ಭಾಷೆಯ ಅಂಕಿಗಳಲ್ಲೂ ಹೀಗೆಯೇ. ಕನ್ನಡ ಮಾತೃಭಾಷೆಯವರು ಶೇ. 66ರ ಆಸುಪಾಸು, ಉರ್ದು ಶೇ. 11ರ ಹತ್ತಿರ, ಆಮೇಲೆ ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ. ಉಳಿದ ಮೂರನೇ ಒಂದು ಪಾಲು ಜನಕ್ಕೆ ಕನ್ನಡ ಬರಲ್ಲ ಎಂದು ಇದರ ಅರ್ಥವಲ್ಲ. ಮನೆಯಲ್ಲಿ ತುಳು ಮಾತಾಡಿ ಕನ್ನಡದಲ್ಲಿ ಕವಿತೆ ಬರೆಯುವವರು ಕರಾವಳಿ ತುಂಬ ಇದ್ದಾರೆ. ಲಂಬಾಣಿ ಭಾಷೆಯನ್ನಂತೂ ಜನಗಣತಿ ಹಿಂದಿಯ ಗುಂಪಿಗೆ ಸೇರಿಸಿಬಿಡುತ್ತದೆ. ತಾಂಡಾದ ಅಜ್ಜಿಗೆ ಈ ವಿಷಯ ಹೇಳಿದರೆ ಬಹುಶಃ ನಕ್ಕಾಳು.

2021ರ ಗಣತಿ ಕೋವಿಡ್‌ನಿಂದ ನಿಂತುಹೋಯಿತು. ಹೊಸ ಗಣತಿಯಲ್ಲಿ ತಲೆ ಎಣಿಸುವ ಕೆಲಸ 2027ರ ಫೆಬ್ರವರಿಗೆ ನಿಗದಿಯಾಗಿದೆ. ಫೆಬ್ರವರಿ ಅಂದರೆ ಯಾದಗಿರಿ, ರಾಯಚೂರಿನ ಒಣಭೂಮಿಯ ಎಷ್ಟೋ ಕುಟುಂಬಗಳು ಗುಳೆ ಹೋಗಿರುವ ಕಾಲ. ಗಣತಿದಾರರು ಊರಲ್ಲಿ ಬಾಗಿಲು ತಟ್ಟಿದರೆ ಬೀಗ. ಆ ಮನೆಯವರು ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್‌ನಲ್ಲಿರುತ್ತಾರೆ. ಗಣತಿದಾರರು ಆ ಶೆಡ್ಡಿಗೂ ಹೋಗಬೇಕು.