ಸ್ಟೀಲರ್ಸ್ ಆಟಗಾರರನ್ನು ಓದುವಾಗ ಇಸವಿಗಳ ಗೋಜಲು

ಅಮೆರಿಕನ್ ಫುಟ್‌ಬಾಲ್‌ನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಎಪ್ಪತ್ತರ ದಶಕದ ಆಟಗಾರರ ಬಗ್ಗೆ ಎರಡು ವಾರದಿಂದ ಓದುತ್ತಿದ್ದೇನೆ. ಆಟದ ನಿಯಮ ನನಗೆ ಕಷ್ಟವಾಗಲಿಲ್ಲ, ಕಾಡಿದ್ದು ಇಸವಿಗಳು. ಒಬ್ಬನೇ ಆಟಗಾರ ಒಂದು ಕಡೆ 1975ರಲ್ಲಿ ಗೆದ್ದವನು, ಇನ್ನೊಂದು ಕಡೆ 1976ರಲ್ಲಿ! ಈಗ ತಲೆಗೆ ಹತ್ತಿದೆ, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಮೊದಲು ಹಿನ್ನೆಲೆ, ಚುಟುಕಾಗಿ. 1933ರಲ್ಲಿ ಆರ್ಟ್ ರೂನಿ ಕಟ್ಟಿದ ತಂಡ ಇದು. 1972ರವರೆಗೆ ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಗೆದ್ದಿರಲಿಲ್ಲ. 1969ರಲ್ಲಿ ಚಕ್ ನೋಲ್ ಕೋಚ್ ಆಗಿ ಬಂದರು. ಆ ವರ್ಷ ಮೊದಲ ಪಂದ್ಯ ಗೆದ್ದ ತಂಡ ಉಳಿದ 13ನ್ನೂ ಸೋತಿತು. ಆದರೂ ನೋಲ್ ಅವಸರಪಡದೆ ಡ್ರಾಫ್ಟ್‌ನಲ್ಲೇ ತಂಡ ಕಟ್ಟಿದರು. (ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನಂತಲ್ಲ. ಇಲ್ಲಿ ಹಣದ ಕೂಗಾಟವಿಲ್ಲ, ಹಿಂದಿನ ವರ್ಷ ಸೋತು ಕೆಳಗಿದ್ದವರಿಗೆ ಮೊದಲ ಆಯ್ಕೆ.) 1969ರಲ್ಲಿ ಜೋ ಗ್ರೀನ್, 1970ರಲ್ಲಿ ಟೆರಿ ಬ್ರಾಡ್‌ಶಾ ಮತ್ತು ಮೆಲ್ ಬ್ಲೌಂಟ್, 1971ರಲ್ಲಿ ಜ್ಯಾಕ್ ಹ್ಯಾಮ್, 1972ರಲ್ಲಿ ಫ್ರ್ಯಾಂಕೊ ಹ್ಯಾರಿಸ್ ಬಂದರು. ಬ್ರಾಡ್‌ಶಾ ಸಿಕ್ಕಿದ್ದು ನಾಣ್ಯ ಚಿಮ್ಮಿ: ಶಿಕಾಗೊ ಬೇರ್ಸ್ ಕೂಡ ಅಷ್ಟೇ ಪಂದ್ಯ ಸೋತಿದ್ದರಿಂದ ಮೊದಲ ಆಯ್ಕೆ ಯಾರಿಗೆಂದು ಟಾಸ್ ಹಾಕಬೇಕಾಯಿತು.

ನಾನು ಎಡವಿದ್ದು ಇಲ್ಲಿಂದ ಮುಂದೆ. ಮೊದಲು ಓದಿದ್ದು 1972ರ ಡಿಸೆಂಬರ್ 23ರ ಪಂದ್ಯ. ಓಕ್ಲೆಂಡ್ ರೈಡರ್ಸ್ 7-6ರಿಂದ ಮುಂದಿದೆ, ಉಳಿದಿರುವುದು 22 ಸೆಕೆಂಡು. ಬ್ರಾಡ್‌ಶಾ ಎಸೆದ ಚೆಂಡು ಸ್ಟೀಲರ್ಸ್‌ನ ಫ್ರೆಂಚಿ ಫುಕ್ವಾ ಮತ್ತು ರೈಡರ್ಸ್‌ನ ಜ್ಯಾಕ್ ಟೇಟಮ್ ಡಿಕ್ಕಿ ಹೊಡೆದಲ್ಲಿಂದ ಹಿಂದಕ್ಕೆ ಚಿಮ್ಮಿತು. ಓಡಿಬರುತ್ತಿದ್ದ ಹ್ಯಾರಿಸ್ ಇನ್ನೇನು ನೆಲ ಮುಟ್ಟಲಿದ್ದ ಅದನ್ನು ಬೂಟಿನ ಹತ್ತಿರ ಬಾಚಿಕೊಂಡು ಎದುರಾಳಿಯ ಗಡಿಗೆರೆ ದಾಟುವವರೆಗೂ (ಅದೇ ಟಚ್‌ಡೌನ್) ಓಡಿದರು. 13-7. ತಂಡದ ಇತಿಹಾಸದಲ್ಲೇ ಮೊದಲ ಪ್ಲೇಆಫ್ ಗೆಲುವು. ಪಂದ್ಯವೂ 1972ರದ್ದು, ಋತುವೂ (ಆಟದ ಸೀಸನ್) 1972ರದ್ದು. ಹಾಗಾಗಿ ಎಲ್ಲ ಕಡೆಯೂ ಇಷ್ಟೇ ಸಲೀಸು ಅಂದುಕೊಂಡೆ.

ಸೂಪರ್ ಬೌಲ್‌ಗೆ, ಅಂದರೆ ಋತುವಿನ ಫೈನಲ್‌ಗೆ ಬಂದಾಗ ಲೆಕ್ಕ ತಪ್ಪಿತು. ಋತು ಶುರುವಾಗುವುದು ಸೆಪ್ಟೆಂಬರ್‌ನಲ್ಲಿ, ಆದರೆ ಆಗ ಫೈನಲ್ ನಡೆಯುತ್ತಿದ್ದುದು ಮುಂದಿನ ಜನವರಿಯಲ್ಲಿ. ನಮ್ಮ ರಣಜಿ ಟ್ರೋಫಿಯಲ್ಲಾದರೆ ಕರ್ನಾಟಕ ಮೊದಲ ಸಲ ಗೆದ್ದದ್ದು 1973-74ರಲ್ಲಿ ಎಂದು ಎರಡೂ ವರ್ಷ ಸೇರಿಸಿ ಬರೆಯುತ್ತೇವೆ, ಗೊಂದಲವೇ ಇಲ್ಲ. ಅಲ್ಲಿ ಋತುವಿಗೆ ಮೊದಲ ವರ್ಷದ ಹೆಸರು ಮಾತ್ರ. ಸಾಲದ್ದಕ್ಕೆ ಸೂಪರ್ ಬೌಲ್‌ಗೆ ವರ್ಷದ ಬದಲು ರೋಮನ್ ಅಂಕಿ.

ನಾನು ಕಂಡುಕೊಂಡ ಉಪಾಯ: ಸೂಪರ್ ಬೌಲ್ ಸಂಖ್ಯೆಗೆ 1965 ಕೂಡಿಸಿದರೆ ಋತು, 1966 ಕೂಡಿಸಿದರೆ ಪಂದ್ಯ ನಡೆದ ವರ್ಷ. 9ನೆಯದು 1974ರ ಋತು, ಆಡಿದ್ದು 1975ರ ಜನವರಿ 12. ಮಿನೆಸೋಟ ವೈಕಿಂಗ್ಸ್ ವಿರುದ್ಧ 16-6, ಹ್ಯಾರಿಸ್ 158 ಯಾರ್ಡ್ ಓಡಿ ಪಂದ್ಯಶ್ರೇಷ್ಠ. 10ನೆಯದು 1975ರ ಋತು, ಆಡಿದ್ದು 1976ರ ಜನವರಿಯಲ್ಲಿ. ಡಲ್ಲಾಸ್ ಕೌಬಾಯ್ಸ್ ವಿರುದ್ಧ 21-17, ಪಂದ್ಯಶ್ರೇಷ್ಠ ಲಿನ್ ಸ್ವಾನ್. ಎರಡು ವಾರ ಮುಂಚೆ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದವರು, ಅವತ್ತು ಹಿಡಿದದ್ದು ನಾಲ್ಕೇ ಚೆಂಡು, ಗಳಿಸಿದ್ದು 161 ಯಾರ್ಡ್. 13 ಮತ್ತು 14ರಲ್ಲಿ ಬ್ರಾಡ್‌ಶಾ ಪಂದ್ಯಶ್ರೇಷ್ಠ. ಅವುಗಳ ಲೆಕ್ಕ ನೀವೇ ಹಾಕಿ ನೋಡಿ, ಕೈ ಕೂರುತ್ತದೆ.

ಎರಡನೆಯ ಗಂಟು ಹಾಲ್ ಆಫ್ ಫೇಮ್‌ನದು, ಅಂದರೆ ಆಟದ ಶ್ರೇಷ್ಠರನ್ನು ಸೇರಿಸುವ ಗೌರವ ಪಟ್ಟಿಯದು. ಇದು ನನಗೆ ತುಂಬಾ ಹಿಡಿಸಿದ ಭಾಗ, ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ. ನಿವೃತ್ತಿಯಾಗಿ ಐದು ವರ್ಷ ಕಳೆಯಬೇಕು ಎಂಬುದು ನಿಯಮ. ನಾನು ಕೊನೆಯ ಋತುವಿಗೆ 5 ಕೂಡಿಸುತ್ತಿದ್ದೆ, ಪ್ರತಿ ಸಲವೂ ಒಂದು ವರ್ಷ ಕಡಿಮೆ ಬರುತ್ತಿತ್ತು. ಕೂಡಿಸಬೇಕಾದ್ದು 6. ಯಾಕೆಂದರೆ ಐದು ಋತುಗಳು ಪೂರ್ತಿ ಅವರಿಲ್ಲದೆ ಮುಗಿಯಬೇಕು. ಜ್ಯಾಕ್ ಲ್ಯಾಂಬರ್ಟ್ ಅವರನ್ನೇ ತೆಗೆದುಕೊಳ್ಳಿ. ಕೊನೆಯ ಋತು 1984. ಬೆರಳು ಮಡಚಿ: 85, 86, 87, 88, 89. ಐದು ಬೆರಳು ಮುಗಿಯಿತು, ಸೇರಿದ್ದು 1990ರಲ್ಲಿ. ಗ್ರೀನ್ 1981, ಸೇರಿದ್ದು 1987. ಹ್ಯಾಮ್ 1982, ಸೇರಿದ್ದು 1988. ಬ್ರಾಡ್‌ಶಾ, ಬ್ಲೌಂಟ್ ಇಬ್ಬರೂ 1983, ಸೇರಿದ್ದು 1989. ಉತ್ತರ ಸರಿಹೊಂದಿದರೆ ಅರ್ಹತೆ ಬಂದ ಮೊದಲ ವರ್ಷವೇ ಆಯ್ಕೆಯಾದರು ಎಂದರ್ಥ.

ಹ್ಯಾರಿಸ್ ವಿಷಯದಲ್ಲಿ ಮತ್ತೆ ತಪ್ಪಿದೆ. ಸ್ಟೀಲರ್ಸ್‌ನಲ್ಲಿ ಅವರ ಕೊನೆಯ ಋತು 1983. ಆರು ಕೂಡಿಸಿದರೆ 1989, ಆದರೆ ಸೇರಿದ್ದು 1990. ಒಂದು ವರ್ಷ ಕಾಯಿಸಿದರು ಎಂದು ಬರೆದುಕೊಂಡಿದ್ದೆ. ಅಲ್ಲ, 1984ರಲ್ಲಿ ಅವರು ಸಿಯಾಟಲ್ ಸೀಹಾಕ್ಸ್‌ಗೆ ಆಡಿದ್ದರು! ಲೆಕ್ಕಕ್ಕೆ ಬರುವುದು ತಂಡದ ಕೊನೆಯ ಋತುವಲ್ಲ, ಆಟಗಾರನ ಕೊನೆಯ ಋತು. ಸೆಂಟರ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವವರು) ಮೈಕ್ ವೆಬ್‌ಸ್ಟರ್ ಕೂಡ ಕೊನೆಯ ಎರಡು ಋತು ಕಾನ್ಸಸ್ ಸಿಟಿ ಚೀಫ್ಸ್‌ಗೆ ಆಡಿ 1990ರಲ್ಲಿ ಮುಗಿಸಿದರು. ಲೆಕ್ಕದಂತೆ 1996, ಸೇರಿದ್ದು 1997. ವೆಬ್‌ಸ್ಟರ್ ಹೆಸರು ಬಂದಾಗ ಇದೊಂದನ್ನು ಬಿಡುವ ಹಾಗಿಲ್ಲ: 2002ರಲ್ಲಿ 50ನೇ ವಯಸ್ಸಿಗೇ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದ ಡಾ. ಬೆನೆಟ್ ಒಮಾಲು, ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಆಗುವ ಕಾಯಿಲೆಯನ್ನು ಗುರುತಿಸಿದರು. ಇದನ್ನು ಓದಿದ ದಿನ ಮುಂದಕ್ಕೆ ಓದಲಾಗಲಿಲ್ಲ.

ಈಗ ಇದೇ ಲೆಕ್ಕವನ್ನು 1974ರ ಡ್ರಾಫ್ಟ್‌ಗೆ ಹಚ್ಚಿ ನೋಡಿ. ಆ ಒಂದೇ ವರ್ಷ ಸ್ವಾನ್ (21ನೇ ಆಯ್ಕೆ), ಲ್ಯಾಂಬರ್ಟ್ (46), ಜಾನ್ ಸ್ಟಾಲ್‌ವರ್ತ್ (82), ವೆಬ್‌ಸ್ಟರ್ (125) ನಾಲ್ವರೂ ಸಿಕ್ಕರು, ನಾಲ್ವರೂ ಹಾಲ್ ಆಫ್ ಫೇಮ್ ಸೇರಿದರು. ಆದರೆ ಮೊದಲ ವರ್ಷವೇ ಸೇರಿದ್ದು ಲ್ಯಾಂಬರ್ಟ್ ಮಾತ್ರ. ಸ್ಟಾಲ್‌ವರ್ತ್ 1987ಕ್ಕೆ ಮುಗಿಸಿದರು, ಲೆಕ್ಕಕ್ಕೆ 1993, ಸೇರಿದ್ದು 2002. ಸ್ವಾನ್ 1982ಕ್ಕೆ ಮುಗಿಸಿದರು, ಲೆಕ್ಕಕ್ಕೆ 1988, ಸೇರಿದ್ದು 2001. ಸ್ವಾನ್ ಆಡಿದ್ದು ಒಂಬತ್ತೇ ಋತು, ಹಿಡಿದದ್ದು 336 ಚೆಂಡು. ಸ್ಟಾಲ್‌ವರ್ತ್ 537. ಸಂಖ್ಯೆ ನೋಡುವವರಿಗೆ ಸ್ವಾನ್ ಕಡಿಮೆ ಎನಿಸಿರಬಹುದು. ದೊಡ್ಡ ಪಂದ್ಯಗಳನ್ನು ನೋಡಿದರೆ ಹದಿಮೂರು ವರ್ಷ ಕಾಯಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಐದನೆಯವರೊಬ್ಬರಿದ್ದಾರೆ, ಡಾನಿ ಶೆಲ್. ಅದೇ 1974ರಲ್ಲಿ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. ಸೌತ್ ಕ್ಯಾರೊಲಿನಾ ಸ್ಟೇಟ್‌ನಂಥ ಕಪ್ಪು ಜನರ ಕಾಲೇಜುಗಳತ್ತ ಹೆಚ್ಚಿನ ತಂಡಗಳು ಕಣ್ಣು ಹಾಯಿಸದಿದ್ದ ಕಾಲ ಅದು. ಸ್ಟೀಲರ್ಸ್‌ಗೆ ಆ ಕಾಲೇಜುಗಳನ್ನೆಲ್ಲ ಬಲ್ಲ ಬಿಲ್ ನನ್ ಇದ್ದರು. 'ಪಿಟ್ಸ್‌ಬರ್ಗ್ ಕೊರಿಯರ್' ಪತ್ರಿಕೆಯಲ್ಲಿ ಕ್ರೀಡಾ ಸಂಪಾದಕರಾಗಿದ್ದು, ಆಮೇಲೆ ಆಟಗಾರರನ್ನು ಹುಡುಕುವ ಸ್ಕೌಟ್ ಆದವರು. ಶೆಲ್ 1987ರವರೆಗೆ ಸೇಫ್ಟಿಯಾಗಿ (ಹಿಂದೆ ನಿಂತು ಕಾಯುವ ರಕ್ಷಣಾ ಆಟಗಾರ) ಆಡಿದರು. ಲೆಕ್ಕಕ್ಕೆ 1993. ಆಯ್ಕೆಯಾದದ್ದು 2020ರ ಪಟ್ಟಿಯಲ್ಲಿ, 27 ವರ್ಷ ತಡವಾಗಿ.

ಇಲ್ಲೂ ಇಸವಿ ಕೈಕೊಡುತ್ತದೆ, ಗುರುತು ಹಾಕಿಕೊಳ್ಳಿ. ಕೊರೊನಾದಿಂದ 2020ರ ಸಮಾರಂಭ ಮುಂದೆ ಹೋಯಿತು. ಹಾಗಾಗಿ ಓಹಾಯೊದ ಕ್ಯಾಂಟನ್‌ನಲ್ಲಿ 2021ರ ಆಗಸ್ಟ್ 7ರಂದು ಶೆಲ್ ವೇದಿಕೆ ಹತ್ತಿದರು. ಮರುದಿನ ಅದೇ ವೇದಿಕೆಯಲ್ಲಿ 2021ರ ಪಟ್ಟಿಯವರಿಗೆ ಗೌರವ. ಅದರಲ್ಲಿ 2014ರಲ್ಲಿ ತೀರಿಕೊಂಡಿದ್ದ ಬಿಲ್ ನನ್ ಅವರ ಹೆಸರಿತ್ತು.