ನಿರ್ಬಂಧ ತೆರವಾಗುವ ಷರತ್ತು ಎಲ್ಲಿದೆ?

ಬೇರೊಂದು ದೇಶದಲ್ಲಿ ಪ್ರಜಾಪ್ರಭುತ್ವ ಮರಳಲೆಂದು ಒಂದು ಸಂಸತ್ತು ಕಾಯ್ದೆ ಮಾಡಿದರೆ ಸುದ್ದಿಯಾಗುವುದು ದಂಡನೆಯ ಭಾಗ. ಹುಬ್ಬಳ್ಳಿ-ಧಾರವಾಡದ ಕಾನೂನು ವಿದ್ಯಾರ್ಥಿಗಳು ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯಕ್ಕೆ) ಇಂಥ ಕಾಯ್ದೆ ಎತ್ತಿಕೊಂಡರೆ ಮೊದಲು ಹುಡುಕಬೇಕಾದ್ದು ಬೇರೆ: ಆ ದೇಶದ ಮೇಲೆ ಹೇರಿದ ಆರ್ಥಿಕ ನಿರ್ಬಂಧ ಏನು ನೋಡಿ, ಯಾರ ಮಾತಿನ ಮೇಲೆ ತೆರವಾಗುತ್ತದೆ?

ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದ ವಿರುದ್ಧ ಅಮೆರಿಕ 1986ರಲ್ಲಿ ತಂದ ಕಾಯ್ದೆ ಈ ವಿಷಯದಲ್ಲಿ ಗಟ್ಟಿ. ಅಧ್ಯಕ್ಷ ರೇಗನ್ ವಿಟೊ ಹಾಕಿದರು. ಕೆಳಮನೆ 313-83, ಸೆನೆಟ್ 78-21 ಮತಗಳಿಂದ ಆ ವಿಟೊವನ್ನು ತಳ್ಳಿಹಾಕಿದವು. ಷರತ್ತು ಐದು: ಮಂಡೇಲಾ ಮತ್ತು ರಾಜಕೀಯ ಕೈದಿಗಳ ಬಿಡುಗಡೆ, ತುರ್ತುಪರಿಸ್ಥಿತಿ ರದ್ದು, ಪಕ್ಷಗಳ ಮೇಲಿನ ನಿಷೇಧ ತೆರವು, ಜನಾಂಗವಾರು ವಸತಿ ಹಾಗೂ ಜನಸಂಖ್ಯಾ ನೋಂದಣಿಯ ಕಾಯ್ದೆಗಳ ರದ್ದು, ಮಾತುಕತೆಗೆ ಒಪ್ಪಿಗೆ. ಕೊನೆಯದೊಂದನ್ನು ಬಿಟ್ಟರೆ ಎಲ್ಲವೂ ಗೆಜೆಟ್ ತೆರೆದು, ಜೈಲಿನ ಬಾಗಿಲು ನೋಡಿ ಹೇಳಬಹುದಾದವು. 1991ರ ಜುಲೈನಲ್ಲಿ ನಿರ್ಬಂಧ ತೆಗೆದಾಗ ವಾದ ನಡೆಯಿತು, ಆದರೆ ಅಳತೆಗೋಲು ಎಲ್ಲರ ಮುಂದಿತ್ತು.

ಜಿಂಬಾಬ್ವೆಯ ಮೇಲೆ ಅಮೆರಿಕ ತಂದ ಕಾಯ್ದೆ ಹಾಗಲ್ಲ. 2001ರ ಡಿಸೆಂಬರಿನ ಈ ಕಾಯ್ದೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವಬ್ಯಾಂಕಿನಂಥ ಕಡೆ ಜಿಂಬಾಬ್ವೆಗೆ ಸಾಲ ಕೊಡುವುದಕ್ಕೂ ಸಾಲ ಮನ್ನಾಕ್ಕೂ ವಿರುದ್ಧ ಮತ ಹಾಕಲು ಅಮೆರಿಕದ ಪ್ರತಿನಿಧಿಗೆ ಹೇಳಿತು. ಐಎಂಎಫ್‌ನಲ್ಲಿ ಅಮೆರಿಕದ ಮತಬಲ ಶೇ 17ರ ಆಸುಪಾಸು. ಸಾಲಕ್ಕೆ ಬೇಕಾದ್ದು ಸರಳ ಬಹುಮತ. ಅಂದರೆ ಒಂಟಿಯಾಗಿ ತಡೆಯಲಾರದು. ಮೇಲಾಗಿ ಹಳೆಯ ಸಾಲ ಬಾಕಿ ಉಳಿಸಿಕೊಂಡ ಜಿಂಬಾಬ್ವೆಯನ್ನು ಐಎಂಎಫ್ ಅದೇ ವರ್ಷ ಸೆಪ್ಟೆಂಬರಿನಲ್ಲೇ ಸಾಮಾನ್ಯ ಸಾಲಕ್ಕೆ ಅನರ್ಹಗೊಳಿಸಿತ್ತು. ಮುಚ್ಚಿದ ಬಾಗಿಲಿಗೆ ಇನ್ನೊಂದು ಬೀಗ. ಜಿಂಬಾಬ್ವೆ ಸರ್ಕಾರಕ್ಕೆ ಮಾತ್ರ ಆರ್ಥಿಕ ಕುಸಿತದ ಹೊಣೆಯನ್ನೆಲ್ಲ ಈ ಕಾಯ್ದೆಯ ಮೇಲೆ ಹೊರಿಸಲು ಒಳ್ಳೆಯ ನೆಪ ಸಿಕ್ಕಿತು.

ಷರತ್ತೂ ಸಡಿಲ: ಚುನಾವಣೆ ಮುಕ್ತ, ನ್ಯಾಯಯುತ ಎಂದು ವೀಕ್ಷಕರು ವ್ಯಾಪಕವಾಗಿ ಒಪ್ಪಬೇಕು. ಯಾವ ವೀಕ್ಷಕರು? 2018ರ ತಿದ್ದುಪಡಿ ಇದನ್ನು ಬಿಗಿಗೊಳಿಸಿತು. ಕರಡು ಮತ್ತು ಅಂತಿಮ ಮತದಾರರ ಪಟ್ಟಿ ಉಚಿತವಾಗಿ ಬಹಿರಂಗವಾಗಬೇಕು, ಸೇನೆ ಪ್ರಚಾರಕ್ಕೆ ಇಳಿಯಬಾರದು, ವೀಕ್ಷಕರಿಗೆ ಮತ ಕ್ರೋಡೀಕರಿಸುವ ಕೇಂದ್ರದೊಳಗೂ ಪ್ರವೇಶ ಸಿಗಬೇಕು. ಇವು ಹೌದು-ಅಲ್ಲ ಎಂದು ಉತ್ತರಿಸಬಹುದಾದ ಷರತ್ತುಗಳು. ದುರದೃಷ್ಟ, ಆ ವರ್ಷ ಜಿಂಬಾಬ್ವೆಯಲ್ಲಿ ಮತದಾನ ನಡೆದದ್ದು ಜುಲೈ 30ಕ್ಕೆ, ತಿದ್ದುಪಡಿಗೆ ಸಹಿ ಬಿದ್ದದ್ದು ಆಗಸ್ಟ್ 8ಕ್ಕೆ.

ಕ್ರೋಡೀಕರಣಕ್ಕೆ ಯಾಕಿಷ್ಟು ಮಹತ್ವ? ಕುಂದಗೋಳ, ಶಿಗ್ಗಾವಿಯ ಮತಗಟ್ಟೆಗಳಲ್ಲಿ ಏಜೆಂಟರಾಗಿ ಕೂತವರಿಗೆ 17ಸಿ ನಮೂನೆ ಗೊತ್ತು. ಎಷ್ಟು ಮತ ಬಿತ್ತು ಎಂಬುದರ ಪ್ರತಿ ಕೈಯಲ್ಲಿದ್ದರೆ ಎಣಿಕೆಯ ದಿನ ತಾಳೆ ನೋಡಬಹುದು. ಜಿಂಬಾಬ್ವೆಯಲ್ಲಿ ಮತಗಟ್ಟೆಯಲ್ಲೇ ಎಣಿಸಿ, ಫಲಿತಾಂಶದ ವಿ11 ನಮೂನೆಯನ್ನು ಹೊರಗೆ ಅಂಟಿಸುತ್ತಾರೆ. 2008ರ ಮಾರ್ಚ್ 29ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿರೋಧ ಪಕ್ಷ ಈ ಹಾಳೆಗಳನ್ನೇ ಕೂಡಿಸಿ ತನ್ನ ಲೆಕ್ಕ ಹೇಳಿತು. ಅಧಿಕೃತ ಫಲಿತಾಂಶ ಬಂದದ್ದು ಮೇ 2ರಂದು: ವಿರೋಧ ಪಕ್ಷದ ಚಾಂಗಿರಾಯ್‌ಗೆ ಶೇ 47.9, ಅಧಿಕಾರದಲ್ಲಿದ್ದ ಅಧ್ಯಕ್ಷ ಮುಗಾಬೆಗೆ ಶೇ 43.2. ಹಿಂಸೆಯ ನಡುವೆ ಚಾಂಗಿರಾಯ್ ಎರಡನೇ ಸುತ್ತಿನಿಂದ ಹಿಂದೆ ಸರಿದರು. ಆ ಹಿಂಸೆ ವಿ11ರಲ್ಲಿ ಕಾಣುವಂಥದಲ್ಲ. ಷರತ್ತು ಬರೆಯುವವರು ಮತದಾನದ ಮುಂಚಿನ ವಾರಗಳನ್ನೂ ಹೆಸರಿಸಲೇಬೇಕು.

ಭಾರತದಲ್ಲಿ ಇಂಥ ಕಾಯ್ದೆಯ ಪರಿಪಾಠವಿಲ್ಲ. 1947ರ ವಿಶ್ವಸಂಸ್ಥೆ (ಭದ್ರತಾ ಮಂಡಳಿ) ಕಾಯ್ದೆ ಮಂಡಳಿಯ ತೀರ್ಮಾನಗಳನ್ನು ಇಲ್ಲಿ ಜಾರಿಗೊಳಿಸಲು ಇರುವಂಥದು, ನಮ್ಮದೇ ಷರತ್ತು ಹಾಕಲು ಅಲ್ಲ. ಹಾಗಂತ ಕೈಕಟ್ಟಿ ಕೂತ ದೇಶವೂ ಅಲ್ಲ: ದಕ್ಷಿಣ ಆಫ್ರಿಕದೊಂದಿಗಿನ ವ್ಯಾಪಾರವನ್ನು ಭಾರತ ನಿಲ್ಲಿಸಿದ್ದು 1946ರಲ್ಲಿ, ಅಮೆರಿಕದ ಕಾಯ್ದೆಗಿಂತ 40 ವರ್ಷ ಮೊದಲು.